ಕ್ಲೆಪ್ ಹ್ಯುಮ್ಯಾನಿಟೀಸ್ ಪರೀಕ್ಷೆ: ಕಾರ್ಡು ಹೆಚ್ಚಿಸಬೇಕೇ, ಮಾದರಿ ಪರೀಕ್ಷೆ ಹೆಚ್ಚಿಸಬೇಕೇ?

ಕುಂಬಳೆಯ ವಿದ್ಯಾರ್ಥಿ:
ಎಲ್ಲ ಹಿರಿಯರಿಗೂ ನಮಸ್ಕಾರ. ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿತು, ಪ್ಲಸ್ ಟುವಿನಲ್ಲಿ ವಿಜ್ಞಾನ ವಿಭಾಗ ತೆಗೆದುಕೊಂಡವನು. ಬರುವ ಆಗಸ್ಟಿನಲ್ಲಿ ಕಂಪ್ಯೂಟರ್ ಸಯನ್ಸ್ ಪದವಿಗೆಂದು ಅಮೆರಿಕದ ಕಾಲೇಜೊಂದಕ್ಕೆ ಹೊರಡುತ್ತಿದ್ದೇನೆ. ಯಾವ ವಿಷಯದಲ್ಲಿ ಪದವಿ ಪಡೆಯುವುದಿದ್ದರೂ ಸಾಹಿತ್ಯ, ಕಲೆ, ತತ್ತ್ವಶಾಸ್ತ್ರಗಳಂಥ ಮಾನವಿಕ ವಿಷಯಗಳಲ್ಲಿ ಇಂತಿಷ್ಟು ಕ್ರೆಡಿಟ್ ಗಳಿಸಲೇಬೇಕೆಂಬ ನಿಯಮ ಅಲ್ಲಿದೆ. ಕಾಲೇಜ್ ಬೋರ್ಡ್ ಎಂಬ ಅಲ್ಲಿಯ ಸಂಸ್ಥೆ ನಡೆಸುವ ಕ್ಲೆಪ್ ಪರೀಕ್ಷೆಗಳಲ್ಲಿ ಹ್ಯುಮ್ಯಾನಿಟೀಸ್ ಎಂಬುದನ್ನು ಪಾಸು ಮಾಡಿದರೆ ತರಗತಿಗೆ ಹೋಗದೆಯೇ ಮೂರು ಕ್ರೆಡಿಟ್ ಕೊಡುವುದಾಗಿ ಕಾಲೇಜಿನವರು ತಿಳಿಸಿದ್ದಾರೆ. ಅಲ್ಲಿಗೆ ತಲುಪಿದ ಮೇಲೆ ಕ್ಯಾಂಪಸ್ಸಿನ ಪರೀಕ್ಷಾ ಕೇಂದ್ರದಲ್ಲಿಯೇ ಬರೆಯುವುದೆಂದು ನಿಶ್ಚಯಿಸಿ, ಓದನ್ನು ಈಗಲೇ ಆರಂಭಿಸಿದ್ದೇನೆ.

ಅಂತರ್ಜಾಲದಲ್ಲಿ ಯಾರೋ ಮಾಡಿಟ್ಟಿದ್ದ ಫ್ಲ್ಯಾಶ್ ಕಾರ್ಡುಗಳ ದೊಡ್ಡದೊಂದು ಕಟ್ಟನ್ನು ಇಳಿಸಿಕೊಂಡು ಓದುತ್ತಿದ್ದೇನೆ. ಒಂದು ಬದಿಯಲ್ಲಿ ಕೃತಿಯ ಹೆಸರು, ಇನ್ನೊಂದು ಬದಿಯಲ್ಲಿ ಕರ್ತೃವಿನ ಹೆಸರು. ಹೆಚ್ಚಿನವು ಈಗ ನಾಲಿಗೆಯ ತುದಿಯಲ್ಲಿವೆ. ಆದರೆ ಮಾದರಿ ಪರೀಕ್ಷೆಗೆ ಕುಳಿತರೆ ಅರ್ಧದಷ್ಟು ಪ್ರಶ್ನೆಗಳೂ ಸರಿಯಾಗುವುದಿಲ್ಲ, ಹೊತ್ತೂ ಸಾಲುವುದಿಲ್ಲ. ಇನ್ನಷ್ಟು ಕಾರ್ಡು ಕಲಿಯಬೇಕೇ, ಅಥವಾ ಕಾರ್ಡು ಬಿಟ್ಟು ಮಾದರಿ ಪರೀಕ್ಷೆಗಳನ್ನೇ ಬರೆಯುತ್ತಾ ಹೋಗಬೇಕೇ? ತಿಳಿದವರು ದಯವಿಟ್ಟು ಹೇಳಿ.

ಉಪ್ಪಳದ ಪಿಎಸ್‌ಸಿ ಅಭ್ಯರ್ಥಿ:
ತಮ್ಮಾ, ಗಾಬರಿ ಬೇಡ. ಸರಕಾರಿ ನೌಕರಿಗೆಂದು ನಡೆಯುವ ನಮ್ಮ ಪಿಎಸ್‌ಸಿ ಪರೀಕ್ಷೆಗಳಿಗೆ ರ‍್ಯಾಂಕ್ ಫೈಲ್ ಎಂಬ ಪ್ರಶ್ನೋತ್ತರ ಕೈಪಿಡಿ ಇಟ್ಟುಕೊಂಡು ಒಂದು ಸಾಲಿನ ಪ್ರಶ್ನೆಗೆ ಒಂದು ಪದದ ಉತ್ತರವನ್ನು ಸಾವಿರಗಟ್ಟಲೆ ಕಂಠಪಾಠ ಮಾಡಿ ನೌಕರಿ ಹಿಡಿದವರು ನಮ್ಮ ಊರಿನಲ್ಲಿಯೇ ಎಷ್ಟೋ ಮಂದಿ ಇದ್ದಾರೆ. ಗುರ್ನಿಕ ಎಂಬ ಚಿತ್ರ ಯಾರದು ಎಂದರೆ ಪಿಕಾಸೊ, ಯಾವ ವರ್ಷ ಎಂದರೆ 1937, ಇದರಲ್ಲಿ ಯೋಚಿಸುವುದಕ್ಕೇನಿದೆ? ಕಾರ್ಡು ಹೆಚ್ಚಿಸು. ಇನ್ನೊಂದು ಮಾತು: ಖಚಿತವಿಲ್ಲದ ಪ್ರಶ್ನೆಯನ್ನು ಮುಟ್ಟಬೇಡ. ಒಂದು ತಪ್ಪಿಗೆ ಮೂರರಲ್ಲಿ ಒಂದಂಶ ಅಂಕ ಕಳೆಯುವ ಪರೀಕ್ಷೆಗಳಲ್ಲಿ ನಮ್ಮವರು ಮುಗ್ಗರಿಸುವುದು ಅಲ್ಲಿಯೇ.

ಬದಿಯಡ್ಕದ ನಿವೃತ್ತ ಇಂಗ್ಲಿಷ್ ಅಧ್ಯಾಪಕ:
ಕಾರ್ಡುಗಳನ್ನು ಎಷ್ಟು ಕಲಿಯಬೇಕು ಎಂಬುದಕ್ಕಿಂತ ಅವುಗಳ ಮೇಲೆ ಏನು ಬರೆದಿದೆ ಎಂಬುದನ್ನು ಮೊದಲು ನೋಡಬೇಕಾಗಿದೆ. ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮ ಕಟ್ಟಿನಲ್ಲಿ ‘ಡೇವಿಡ್ – ಮೈಕೆಲ್ಯಾಂಜೆಲೊ’ ಎಂಬ ಕಾರ್ಡು ಇದ್ದೇ ಇರುತ್ತದೆ. ಆದರೆ ಗೊಲಿಯಾತನೆಂಬ ದೈತ್ಯನನ್ನು ಕವಣೆಯಿಂದ ಕೊಂದ ಆ ಹುಡುಗನನ್ನು ಕೆತ್ತಿದವರು ಮೈಕೆಲ್ಯಾಂಜೆಲೊ ಒಬ್ಬರೇ ಅಲ್ಲ. ಹದಿನೈದನೆಯ ಶತಮಾನದ ದೊನಾತೆಲ್ಲೊ ಕಂಚಿನಲ್ಲಿ ಎರಕ ಹೊಯ್ದ ಡೇವಿಡ್‌ನ ಕಾಲ ಬುಡದಲ್ಲಿ ದೈತ್ಯನ ತಲೆ ಬಿದ್ದಿದೆ, ಕಾಳಗ ಮುಗಿದಿದೆ, ಹುಡುಗ ಎಳೆಯನಾಗಿ, ಕೊಂಚ ಹಮ್ಮಿನಿಂದ ನಿಂತಿದ್ದಾನೆ. ಮೈಕೆಲ್ಯಾಂಜೆಲೊ 1501ರಿಂದ 1504ರ ನಡುವೆ ಅಮೃತಶಿಲೆಯಲ್ಲಿ ಕಡೆದ, ಸುಮಾರು ಹದಿನೇಳು ಅಡಿ ಎತ್ತರದ ಡೇವಿಡ್ ಇನ್ನೂ ಕಾಳಗಕ್ಕೆ ಇಳಿದಿಲ್ಲ. ಕವಣೆ ಹೆಗಲ ಮೇಲಿದೆ, ಹುಬ್ಬು ಗಂಟಿಕ್ಕಿದೆ, ಮೈ ಅಲುಗದಿದ್ದರೂ ಬಲಗೈಯ ನರಗಳು ಉಬ್ಬಿವೆ. 1623–24ರಲ್ಲಿ ಬರ್ನಿನಿ ಕೆತ್ತಿದ ಡೇವಿಡ್ ಕಲ್ಲೆಸೆಯುವ ಕ್ಷಣದಲ್ಲಿಯೇ ಇದ್ದಾನೆ, ಸೊಂಟ ತಿರುಚಿ, ತುಟಿ ಕಚ್ಚಿ ಹಿಡಿದಿದ್ದಾನೆ, ಕಲ್ಲು ನಮ್ಮ ಪಕ್ಕದಿಂದಲೇ ಹಾದುಹೋಗಬಹುದೆಂದು ನೋಡುವವರಿಗೆ ತೋರುತ್ತದೆ.

ಈ ಮೂರನ್ನೂ ಒಟ್ಟಿಗೆ ಇಟ್ಟು ಹತ್ತು ನಿಮಿಷ ನೋಡಿದವನಿಗೆ ಆರಂಭದ ರಿನೈಸಾನ್ಸ್ (ಪುನರುಜ್ಜೀವನ), ಪ್ರೌಢ ರಿನೈಸಾನ್ಸ್, ಅದರ ಅನಂತರದ ಬರೋಕ್ ಎಂಬ ಮೂರು ಕಾಲಘಟ್ಟಗಳ ವ್ಯತ್ಯಾಸ ಕಣ್ಣಿನಲ್ಲಿಯೇ ನಿಲ್ಲುತ್ತದೆ. ಆಮೇಲೆ ಎಂದೂ ನೋಡದ ಶಿಲ್ಪವೊಂದರ ಚಿತ್ರ ಕೊಟ್ಟು ಇದು ಯಾವ ಕಾಲದ್ದೆಂದು ಕೇಳಿದರೂ ಅವನು ಉತ್ತರ ಊಹಿಸಬಲ್ಲ. ಹೆಸರುಗಳ ಜೋಡಿಯನ್ನು ಮಾತ್ರ ಕಲಿತವನಿಗೆ ಅದು ಸಾಧ್ಯವಿಲ್ಲ. ಆದ್ದರಿಂದ ಕಾರ್ಡಿನ ಮುಂಬದಿಯಲ್ಲಿ ಮೂರು ಚಿತ್ರಗಳನ್ನೂ ಹಾಕಿ, ‘ಯಾವುದು ಮೊದಲಿನದು, ಯಾವುದು ಕೊನೆಯದು, ಏಕೆ?’ ಎಂದು ಬರೆಯಿರಿ. ‘ಏಕೆ’ ಎಂಬ ಪ್ರಶ್ನೆ ಇಲ್ಲದ ಕಾರ್ಡನ್ನು ನಾನಾಗಿದ್ದರೆ ಹರಿದು ಬಿಸಾಡುತ್ತಿದ್ದೆ.

ಮಂಜೇಶ್ವರದವಳು, ಈಗ ಅಮೆರಿಕದಲ್ಲಿ:
ಈ ಪರೀಕ್ಷೆಯನ್ನು ನಾನು ಬರೆದು ಪಾಸಾಗಿರುವುದರಿಂದ ಕೆಲವು ವಿಷಯಗಳನ್ನು ಸ್ಪಷ್ಟಪಡಿಸುತ್ತೇನೆ. ಸುಮಾರು 140 ಪ್ರಶ್ನೆಗಳು, 90 ನಿಮಿಷ. ಅಂದರೆ ಒಂದು ಪ್ರಶ್ನೆಗೆ ನಲವತ್ತು ಸೆಕೆಂಡೂ ಸಿಗುವುದಿಲ್ಲ. ಅಂಕಗಳನ್ನು 20ರಿಂದ 80ರವರೆಗಿನ ಅಳತೆಯಲ್ಲಿ ಕೊಡುತ್ತಾರೆ. 50 ಬಂದವರಿಗೆ ಮೂರು ಕ್ರೆಡಿಟ್ ಕೊಡಬಹುದೆಂಬುದು ಅಲ್ಲಿಯ ಶಿಕ್ಷಣ ಮಂಡಳಿಯ ಶಿಫಾರಸು. ಆದರೆ ಪ್ರತಿಯೊಂದು ಕಾಲೇಜೂ ತನ್ನದೇ ಮಿತಿಯನ್ನು ಗೊತ್ತುಪಡಿಸಿಕೊಳ್ಳಬಹುದಾದ್ದರಿಂದ ನಿಮ್ಮ ಕಾಲೇಜಿನ ಮಿತಿ ಎಷ್ಟೆಂಬುದನ್ನು ಇ-ಮೇಲ್ ಮೂಲಕ ಬರವಣಿಗೆಯಲ್ಲಿಯೇ ಕೇಳಿ ಪಡೆದುಕೊಳ್ಳಿ.

ಉಪ್ಪಳದ ಅಣ್ಣನವರು ಕೊಟ್ಟ ಎರಡನೆಯ ಸಲಹೆಯನ್ನು ಮಾತ್ರ ದಯವಿಟ್ಟು ಪಾಲಿಸಬೇಡಿ. ಕ್ಲೆಪ್‌ನಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವ ಪದ್ಧತಿ ಇಲ್ಲ. ಐದು ಆಯ್ಕೆಗಳಲ್ಲಿ ಎರಡನ್ನು ತಳ್ಳಿಹಾಕಲು ಸಾಧ್ಯವಾದರೆ ಉಳಿದ ಮೂರರಲ್ಲಿ ಒಂದನ್ನು ಗುರುತು ಹಾಕಿ ಮುಂದೆ ಹೋಗಬೇಕು. ಏನೂ ತಿಳಿಯದಿದ್ದರೂ ಒಂದನ್ನು ಗುರುತು ಹಾಕಬೇಕು. ಪಿಎಸ್‌ಸಿ ಬರೆದು ರೂಢಿಯಾದ ಕೈ ಪ್ರಶ್ನೆಯನ್ನು ಬಿಟ್ಟುಬಿಡಲು ಹವಣಿಸುತ್ತದೆ. ಮಾದರಿ ಪರೀಕ್ಷೆಗಳಲ್ಲಿಯೇ ಆ ರೂಢಿಯನ್ನು ತಪ್ಪಿಸಿಕೊಳ್ಳಬೇಕು.

ಪ್ರಶ್ನೆಗಳ ಹಂಚಿಕೆಯನ್ನೂ ತಿಳಿದಿರಿ. ಅರ್ಧ ಸಾಹಿತ್ಯ, ಅರ್ಧ ಕಲೆ. ಸಾಹಿತ್ಯದಲ್ಲಿ ಕತೆ ಕಾದಂಬರಿಗಳ ಪಾಲು ಹೆಚ್ಚು, ಅನಂತರ ಕಾವ್ಯ, ನಾಟಕ, ತತ್ತ್ವಚಿಂತನೆಯೂ ಸೇರಿದ ಗದ್ಯ. ಕಲೆಯಲ್ಲಿ ಚಿತ್ರ ಮತ್ತು ಶಿಲ್ಪಗಳಿಗೆ ಒಟ್ಟು ಪರೀಕ್ಷೆಯ ಶೇಕಡಾ 20, ಸಂಗೀತಕ್ಕೆ 15, ಸಿನಿಮಾ ಮತ್ತು ನೃತ್ಯಗಳಿಗೆ 10, ವಾಸ್ತುಶಿಲ್ಪಕ್ಕೆ 5. ಇದು ವಿಷಯವಾರು ಲೆಕ್ಕ. ಇನ್ನೊಂದು ರೀತಿಯಲ್ಲಿ ನೋಡಿದರೆ ಅರ್ಧದಷ್ಟು ಪ್ರಶ್ನೆಗಳು ನೇರವಾದ ಮಾಹಿತಿಯವು, ಶೇಕಡಾ 30ರಷ್ಟು ಪ್ರಾಸ, ಮಾಧ್ಯಮ, ಶೈಲಿಗಳಂಥ ತಂತ್ರಗಳನ್ನು ಗುರುತಿಸುವುದರ ಮೇಲಿನವು, ಶೇಕಡಾ 20ರಷ್ಟು ನಾವು ಹಿಂದೆಂದೂ ಓದಿರದ ಸಾಲುಗಳನ್ನೋ ಕಾಣದ ಚಿತ್ರವನ್ನೋ ಕೊಟ್ಟು ಅರ್ಥ ಕೇಳುವವು. ತಮ್ಮನಿಗೆ ಅರ್ಧ ಉತ್ತರಗಳು ತಪ್ಪುವುದಕ್ಕೆ ಕಾರಣ ಈ ಹಂಚಿಕೆಯಲ್ಲಿಯೇ ಇರಬಹುದೆಂದು ನನ್ನ ಊಹೆ.

ಮುಳ್ಳೇರಿಯದ ಸಂಶೋಧನಾ ವಿದ್ಯಾರ್ಥಿನಿ:
ಯುಜಿಸಿ ನೆಟ್ ಪರೀಕ್ಷೆಗೆ ಕಾರ್ಡುಗಳಿಂದಲೇ ಓದಿದವಳಾದ್ದರಿಂದ ವಿಧಾನದ ಬಗ್ಗೆ ನಾಲ್ಕು ಮಾತು ಬರೆಯುತ್ತೇನೆ. ಓದಿದ್ದನ್ನೇ ಮತ್ತೆ ಓದುವುದಕ್ಕಿಂತ ಪುಸ್ತಕ ಮುಚ್ಚಿ ನೆನಪಿನಿಂದ ಹೊರತೆಗೆಯುವುದು ಹೆಚ್ಚು ಕಾಲ ಉಳಿಯುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿದೆ. ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷಗಳ ಅನಂತರ ಕೇಳಿದಾಗ ಮುಂದಿದ್ದರು. ಒಂದು ವಾರದ ಅನಂತರ ಕೇಳಿದಾಗ, ಓದಿದ್ದನ್ನು ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಅವರನ್ನು ಬಹಳ ಹಿಂದಿಕ್ಕಿದರು. ಮರೆವು ಮೊದಲ ದಿನಗಳಲ್ಲಿಯೇ ಹೆಚ್ಚೆಂಬುದನ್ನು ಎಬ್ಬಿಂಗ್‌ಹೌಸ್ 1885ರಷ್ಟು ಹಿಂದೆಯೇ ತೋರಿಸಿದ್ದನು.

ಕರೆಂಟು ಕೈಕೊಡುವ ಮಳೆಗಾಲದಲ್ಲಿ ನಾನು ಕಾಗದದ ಕಾರ್ಡುಗಳನ್ನೇ ನಂಬುತ್ತೇನೆ. ನಮ್ಮ ಮನೆಯಲ್ಲಿ ರಾಶಿ ಬಿದ್ದಿರುವ ಮದುವೆ, ಗೃಹಪ್ರವೇಶಗಳ ಆಮಂತ್ರಣ ಪತ್ರಿಕೆಗಳನ್ನು ನಾಲ್ಕಾಗಿ ಕತ್ತರಿಸಿ, ಖಾಲಿ ಬದಿಗಳನ್ನು ಆರಿಸಿ ಎರಡೆರಡನ್ನು ಅಂಟಿಸಿದರೆ ಅಂಗಡಿಯ ಕಾರ್ಡಿಗಿಂತ ದಪ್ಪನೆಯ ಕಾರ್ಡು ಸಿದ್ಧವಾಗುತ್ತದೆ. ಅವುಗಳನ್ನು ಬೇಕರಿಯ ಸಿಹಿತಿಂಡಿಯ ಡಬ್ಬದಲ್ಲಿ ಐದು ಮನೆಗಳಾಗುವಂತೆ ಅಡ್ಡಗೋಡೆ ಹಾಕಿ ಜೋಡಿಸುತ್ತೇನೆ. ಉತ್ತರ ಸರಿಯಾದ ಕಾರ್ಡು ಮುಂದಿನ ಮನೆಗೆ ಹೋಗುತ್ತದೆ. ತಪ್ಪಿದ್ದು ಎಲ್ಲಿಯೇ ಇರಲಿ, ಮೊದಲನೆಯ ಮನೆಗೆ ಮರಳುತ್ತದೆ. ಮೊದಲ ಮನೆಯನ್ನು ದಿನವೂ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಹೀಗೆ ಮುಂದುಮುಂದಿನ ಮನೆಗಳನ್ನು ಇನ್ನೂ ಅಪರೂಪವಾಗಿ ತೆರೆಯುವುದು. ಜರ್ಮನಿಯ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಪದ್ಧತಿ ಇದು. ಆಂಕಿ ಎಂಬ ತಂತ್ರಾಂಶ ಇದೇ ಕೆಲಸವನ್ನು ತಾನೇ ಲೆಕ್ಕ ಹಾಕಿ ಮಾಡುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಅದಕ್ಕೆ ಹಣ ಕೊಡಬೇಕಾಗಿಲ್ಲ, ಚಿತ್ರಗಳನ್ನು ಹಾಕುವುದೂ ಸುಲಭ.

ಆದರೆ ಯಾರೋ ಮಾಡಿದ ಕಟ್ಟನ್ನು ಇಳಿಸಿಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಮಾದರಿ ಪರೀಕ್ಷೆಯನ್ನು ಮೊದಲು ಬರೆಯಿರಿ. ತಪ್ಪಿದ ಪ್ರಶ್ನೆಗಳಿಂದ ಮಾತ್ರ ಕಾರ್ಡು ಮಾಡಿ. ಸರಿಯಾದರೂ ಊಹಿಸಿ ಬರೆದವುಗಳನ್ನೂ ತಪ್ಪೆಂದೇ ಎಣಿಸಿ. ಸರಿ ಉತ್ತರವನ್ನು ಮಾತ್ರ ಕಾರ್ಡಿಗೆ ಇಳಿಸಿದರೆ ಸಾಲದು, ಉಳಿದ ನಾಲ್ಕು ಆಯ್ಕೆಗಳು ಏಕೆ ತಪ್ಪು ಎಂಬುದನ್ನೂ ಹಿಂಬದಿಯಲ್ಲಿ ಬರೆಯಬೇಕು. ಹಾಗೆ ಮಾಡಿದರೆ ಒಂದು ಪ್ರಶ್ನೆಯಿಂದ ಐದು ವಿಷಯಗಳು ತಿಳಿಯುತ್ತವೆ.

ಪೆರ್ಲದ ತಾಯಿ:
ನಡುವೆ ಒಂದು ಸಂದೇಹ. ನನ್ನ ಮಗಳು ಇಲ್ಲಿಯೇ ನಾಲ್ಕು ವರ್ಷದ ಪದವಿಗೆ ಸೇರಿದ್ದಾಳೆ. ಅವಳೂ ಇದನ್ನು ಬರೆದು ಇಲ್ಲಿಯ ಕ್ರೆಡಿಟ್‌ಗೆ ಸೇರಿಸಬಹುದೇ?

ಮುಳ್ಳೇರಿಯದ ಸಂಶೋಧನಾ ವಿದ್ಯಾರ್ಥಿನಿ:
ಅಕ್ಕಾ, ಕ್ಲೆಪ್ ಅಮೆರಿಕದ ಕಾಲೇಜುಗಳಿಗಾಗಿ ಇರುವಂಥದ್ದು. ಇಲ್ಲಿಯ ವಿಶ್ವವಿದ್ಯಾನಿಲಯಗಳ ಕ್ರೆಡಿಟ್‌ಗೆ ಸ್ವಯಂ ಎಂಬ ಸರಕಾರಿ ಜಾಲತಾಣದ ಕೋರ್ಸುಗಳಿವೆ. ಅವುಗಳಲ್ಲಿ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳೂ ಇವೆ. ಯಾವುದನ್ನು ಒಪ್ಪುತ್ತಾರೆಂದು ಮಗಳ ಕಾಲೇಜಿನಲ್ಲಿ ವಿಚಾರಿಸಿಯೇ ಹೆಸರು ನೋಂದಾಯಿಸಿ.

ಕುಂಬಳೆಯ ವಿದ್ಯಾರ್ಥಿ:
ಎಲ್ಲರಿಗೂ ಕೃತಜ್ಞತೆಗಳು. ಮಂಜೇಶ್ವರದ ಅಕ್ಕ ಹೇಳಿದ ಹಂಚಿಕೆಯಂತೆ ನನ್ನ ತಪ್ಪುಗಳನ್ನು ವಿಂಗಡಿಸಿ ನೋಡಿದೆ. ನೇರ ಮಾಹಿತಿಯ ಪ್ರಶ್ನೆಗಳು ಬಹುಮಟ್ಟಿಗೆ ಸರಿಯಾಗಿವೆ; ತಂತ್ರವನ್ನು ಗುರುತಿಸುವ ಪ್ರಶ್ನೆಗಳು ಹೆಚ್ಚಾಗಿ ತಪ್ಪಿವೆ; ಅಪರಿಚಿತ ಕವಿತೆ ಕೊಟ್ಟಲ್ಲಿ ಕತ್ತಲೆ. ಸಂಗೀತವಂತೂ ಪೂರ್ತಿ ಕೈತಪ್ಪಿದೆ. ಬಾಖ್, ಹೆಂಡಲ್, ಹೈಡನ್, ಮೋಟ್ಸಾರ್ಟ್ ಎಂಬ ಹೆಸರುಗಳನ್ನು ಕಾರ್ಡಿನಿಂದ ಕಲಿತಿದ್ದರೂ ಯಾರು ಹಿಂದೆ, ಯಾರು ಮುಂದೆ, ಫ್ಯೂಗ್ ಎಂದರೇನು ಎಂಬುದೆಲ್ಲ ಕಲಸುಮೇಲೋಗರವಾಗಿದೆ. ಇದಕ್ಕೆ ಕಾರ್ಡು ಮಾಡುವುದು ಹೇಗೆ?

ನೀರ್ಚಾಲಿನ ಚೆಂಡೆವಾದಕ:
ಪಾಶ್ಚಾತ್ಯ ಸಂಗೀತದ ಶಾಸ್ತ್ರ ನನಗೆ ಅಲ್ಪಸ್ವಲ್ಪವೇ ತಿಳಿದಿರುವುದಾದರೂ ಹಲವು ವರ್ಷಗಳಿಂದ ಆಸಕ್ತಿಯಿಂದ ಕೇಳುತ್ತಾ ಬಂದಿದ್ದೇನೆ. ಮೊದಲು ಇಸವಿಗಳ ಎರಡು ಗೂಟಗಳನ್ನು ನೆಟ್ಟುಕೊಳ್ಳಿ. ಬಾಖ್ ಮತ್ತು ಹೆಂಡಲ್ ಇಬ್ಬರೂ ಹುಟ್ಟಿದ್ದು 1685ರಲ್ಲಿ. ಬಾಖ್ ತೀರಿಕೊಂಡ 1750ನ್ನೇ ಬರೋಕ್ ಯುಗದ ಕೊನೆಯೆಂದು ಎಣಿಸುವ ವಾಡಿಕೆ ಇದೆ. ಅಲ್ಲಿಂದ ಮುಂದೆ ಹೈಡನ್, ಮೋಟ್ಸಾರ್ಟ್ ಇವರ ಕ್ಲಾಸಿಕಲ್ ಯುಗ. 1827ರಲ್ಲಿ ತೀರಿಕೊಂಡ ಬೀಥೋವನ್ ಆ ಯುಗದಿಂದ ರೊಮ್ಯಾಂಟಿಕ್ ಯುಗಕ್ಕೆ ದಾಟಿಸಿದವನು. ಯಾವ ಹೆಸರು ಬಂದರೂ ಈ ಗೂಟಗಳ ಯಾವ ಬದಿಗೆಂದು ಕೇಳಿಕೊಳ್ಳಿ.

ಆಮೇಲೆ ಕೇಳಬೇಕು. ಬಾಖ್‌ನ ಯಾವುದಾದರೊಂದು ಆರ್ಗನ್ ಫ್ಯೂಗನ್ನು ಯೂಟ್ಯೂಬಿನಲ್ಲಿ ಹಾಕಿ, ಕಣ್ಣು ಮುಚ್ಚಿ ಕುಳಿತುಕೊಳ್ಳಿ. ಆರಂಭದಲ್ಲಿ ಒಂದೇ ಎಳೆ ಒಂಟಿಯಾಗಿ ನಡೆಯುತ್ತದೆ. ಅದು ಮುಗಿಯುತ್ತಿದ್ದಂತೆ ಅದೇ ನಡೆಯನ್ನು ಇನ್ನೊಂದು ಸ್ಥಾಯಿಯಿಂದ ಎರಡನೆಯ ಎಳೆ ಎತ್ತಿಕೊಳ್ಳುತ್ತದೆ, ಮೊದಲನೆಯದು ನಿಲ್ಲದೆ ಬೇರೆ ಸ್ವರಗಳನ್ನು ಹಿಡಿದು ಜತೆಗೆ ಸಾಗುತ್ತದೆ, ಮತ್ತೆ ಮೂರನೆಯದು. ರಾತ್ರಿಯಿಡೀ ಯಕ್ಷಗಾನದ ಆಟ ನೋಡುವಾಗ ಚೆಂಡೆ, ಮದ್ದಳೆ, ಭಾಗವತರ ಪದ ಎಲ್ಲವನ್ನೂ ಬೇರೆ ಬೇರೆಯಾಗಿ ಹಿಂಬಾಲಿಸಿದ ಕಿವಿಗೆ ಈ ಎಳೆಗಳನ್ನು ಬಿಡಿಸಿಕೊಳ್ಳುವುದು ಕಷ್ಟವಾಗದು. ಮೋಟ್ಸಾರ್ಟ್‌ನಲ್ಲಿ ಹಾಗಲ್ಲ, ಅಲ್ಲಿ ಒಂದು ರಾಗವೇ ಮುಂದೆ, ಉಳಿದವು ಅದಕ್ಕೆ ಆಸರೆ. ಇಷ್ಟನ್ನು ಕಿವಿಯಿಂದ ಕಂಡುಕೊಂಡ ಮೇಲೆ ಕಾರ್ಡಿಗೆ ಬರೆಯಿರಿ.

ಮಂಜೇಶ್ವರದವಳು, ಈಗ ಅಮೆರಿಕದಲ್ಲಿ:
ಚೆಂಡೆಯವರು ಹೇಳಿದ್ದು ಸೊಗಸಾಗಿದೆ. ಆದರೆ ನಾನು ಬರೆದ ಪರೀಕ್ಷೆಯಲ್ಲಿ ಸಂಗೀತವನ್ನು ಕೇಳಿಸಿ ಪ್ರಶ್ನೆ ಕೇಳಲಿಲ್ಲ. ಎಲ್ಲವೂ ಮಾತಿನಲ್ಲಿ ಇಲ್ಲವೇ ಚಿತ್ರದಲ್ಲಿಯೇ ಇತ್ತು. ಶೇಕಡಾ 15ರ ಸಂಗೀತಕ್ಕಾಗಿ ವಾರಗಟ್ಟಲೆ ಕೇಳುತ್ತಾ ಕುಳಿತು ಕತೆ ಕಾದಂಬರಿಗಳನ್ನು ಮರೆಯಬಾರದು. ಸಿನಿಮಾ, ನೃತ್ಯಗಳಿಗೂ ಸ್ವಲ್ಪ ಹೊತ್ತು ಸಾಕು: ಐಸೆನ್‌ಸ್ಟೈನ್ ಮತ್ತು ದೃಶ್ಯಗಳ ತುಣುಕುಗಳನ್ನು ಜೋಡಿಸುವ ಮಾಂಟಾಜ್, ಚಿತ್ರನಿರ್ದೇಶಕ ಆರ್ಸನ್ ವೆಲ್ಸ್, ಚೈಕೋವ್‌ಸ್ಕಿಯ ಬ್ಯಾಲೆಗಳು, 1913ರಲ್ಲಿ ಪ್ಯಾರಿಸ್ಸಿನಲ್ಲಿ ಗದ್ದಲವೆಬ್ಬಿಸಿದ ಸ್ಟ್ರವಿನ್‌ಸ್ಕಿಯ ಕೃತಿ, ಇಂಥವು. ವಾಸ್ತುಶಿಲ್ಪಕ್ಕೆ ಗ್ರೀಕರ ಮೂರು ಬಗೆಯ ಕಂಬಗಳನ್ನೂ ರೋಮನೆಸ್ಕ್ ಮತ್ತು ಗಾಥಿಕ್ ಎಂಬ ಮಧ್ಯಯುಗದ ಶೈಲಿಗಳ ಚರ್ಚುಗಳ ಕಮಾನುಗಳನ್ನೂ ಬಿಡಬೇಡಿ.

ನೀರ್ಚಾಲಿನ ಚೆಂಡೆವಾದಕ:
ವಾರಗಟ್ಟಲೆ ಬೇಡ, ತಂಗಿ. ಊಟದ ಹೊತ್ತಿಗೆ ದಿನಕ್ಕೊಂದು ಕೃತಿ ಕೇಳಲಿ ಎಂದೇ ನನ್ನ ಅಭಿಪ್ರಾಯ. ಕೇಳದೆಯೇ ಫ್ಯೂಗಿನ ವ್ಯಾಖ್ಯೆಯನ್ನು ಉರುಹೊಡೆದರೆ ಪ್ರಶ್ನೆಯ ಮಾತು ಕೊಂಚ ಬದಲಾದಾಗ ಅದು ಕೈಕೊಡುತ್ತದೆ.

ಉಪ್ಪಳದ ಪಿಎಸ್‌ಸಿ ಅಭ್ಯರ್ಥಿ:
ಅಂಕ ಕಳೆಯುವುದಿಲ್ಲವೆಂದಾದರೆ ಆ ಸಲಹೆ ಇಲ್ಲಿಗೆ ಹೊಂದುವುದಿಲ್ಲ, ಸರಿ. ಆದರೆ ಕಂಠಪಾಠವನ್ನು ಎಲ್ಲರೂ ಸೇರಿ ಹೀಗಳೆಯುವುದನ್ನು ನಾನು ಒಪ್ಪಲಾರೆ. ನೀವೇ ಹೇಳಿದಂತೆ ಅರ್ಧದಷ್ಟು ಪ್ರಶ್ನೆಗಳು ನೇರ ಮಾಹಿತಿಯವು, ಮತ್ತು ಆ ಹುಡುಗನಿಗೆ ಈಗ ಸರಿಯಾಗುತ್ತಿರುವುದೂ ಅವೇ. ಅದು ಇಳಿಸಿಕೊಂಡ ಆ ಕಟ್ಟಿನ ಫಲವಲ್ಲವೇ? ನಲವತ್ತು ಸೆಕೆಂಡಿನ ಪರೀಕ್ಷೆಯಲ್ಲಿ ಐದು ಸೆಕೆಂಡಿಗೆ ಉತ್ತರಿಸಬಹುದಾದ ಪ್ರಶ್ನೆಗಳು ಹೆಚ್ಚಿದಷ್ಟೂ ಕವಿತೆಯ ಪ್ರಶ್ನೆಗಳಿಗೆ ಹೊತ್ತು ಉಳಿಯುತ್ತದೆ. ಮಾಷ್ಟ್ರು ಹರಿದು ಬಿಸಾಡಿ ಎಂದ ಕಾರ್ಡುಗಳನ್ನು ಹರಿಯಬೇಡ ತಮ್ಮಾ, ಡಬ್ಬದ ಕೊನೆಯ ಮನೆಯಲ್ಲಿಡು.

ಬದಿಯಡ್ಕದ ನಿವೃತ್ತ ಇಂಗ್ಲಿಷ್ ಅಧ್ಯಾಪಕ:
ಹೊತ್ತು ಉಳಿಸುವ ಆ ಮಾತಿನಲ್ಲಿ ಹುರುಳಿದೆ, ಹರಿಯುವುದು ಬೇಡ. ಇನ್ನು ಅಪರಿಚಿತ ಕವಿತೆಯ ಸಂಗತಿ. ಕನ್ನಡ ಮಾಧ್ಯಮದಲ್ಲಿ ಕಲಿತದ್ದು ಇಲ್ಲಿ ಕೊರತೆಯಾಗದು. ಕುಂಬಳೆಯವರಾದ ತಾವು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವರು. ಹತ್ತನೆಯ ತರಗತಿಯೊಳಗೆ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ, ಮೂರು ನಾಲ್ಕು ಮಾತ್ರೆಗಳ ಗಣ ವಿಂಗಡಿಸಿ, ಮೂರನೆಯ ಮತ್ತು ಆರನೆಯ ಸಾಲುಗಳ ಕೊನೆಗೆ ಗುರು ಬರುವುದನ್ನು ಗುರುತಿಸಿದ್ದೀರಿ. ಇಂಗ್ಲಿಷಿನ ಛಂದಸ್ಸಿನಲ್ಲಿ ಮಾತ್ರೆಯ ಬದಲು ಉಚ್ಚಾರದ ಒತ್ತನ್ನು ಎಣಿಸುತ್ತಾರೆ ಎಂಬುದಷ್ಟೇ ವ್ಯತ್ಯಾಸ. ಒತ್ತಿಲ್ಲದ ಉಚ್ಚಾರಾಂಶವೊಂದು, ಒತ್ತುಳ್ಳದ್ದೊಂದು, ಇಂಥ ಐದು ಜೋಡಿ ಸೇರಿದರೆ ಅಯಾಂಬಿಕ್ ಪೆಂಟಾಮೀಟರ್. ಹದಿನಾಲ್ಕು ಸಾಲುಗಳ ಕವಿತೆಯ ಕೊನೆಯ ಎರಡು ಸಾಲುಗಳಿಗೆ ಒಂದೇ ಪ್ರಾಸವಿದ್ದು, ಅದಕ್ಕೆ ಮೊದಲು ನಾಲ್ಕು ನಾಲ್ಕು ಸಾಲುಗಳ ಮೂರು ಭಾಗಗಳಿದ್ದರೆ ಷೇಕ್ಸ್‌ಪಿಯರ್ ಮಾದರಿಯ ಸಾನೆಟ್. ಎಂಟು ಮತ್ತು ಆರು ಸಾಲುಗಳಾಗಿ ಒಡೆದು, ಎಂಟರ ಮೇಲೆ ಭಾವ ತಿರುಗಿದರೆ ಇಟಲಿಯ ಕವಿ ಪೆಟ್ರಾರ್ಕನ ಮಾದರಿಯದು. ಕಾರ್ಡಿನ ಮೇಲೆ ಈ ನಿಯಮ ಬರೆದರೆ ಸಾಲದು. ಒಂದು ಸಾನೆಟ್ಟನ್ನೇ ಅಂಟಿಸಿ, ಪ್ರಾಸಗಳಿಗೆ ಗುರುತು ಹಾಕುವ ಅಭ್ಯಾಸ ಮಾಡಿ. ಕಾರ್ಡಿನ ಪ್ರಶ್ನೆ ಇಂಗ್ಲಿಷಿನಲ್ಲಿಯೇ ಇರಲಿ, ವಿವರಣೆಯನ್ನು ಕನ್ನಡದಲ್ಲಿ ಬರೆಯುವುದಕ್ಕೆ ಅಡ್ಡಿಯಿಲ್ಲ.

ಕತೆಗಳ ತಿಳಿವಳಿಕೆಯೂ ಬೇಕು. ಯುರೋಪಿನ ಚಿತ್ರಕಲೆಯ ಬಹುಭಾಗ ಬೈಬಲಿನ ಮತ್ತು ಗ್ರೀಕ್ ಪುರಾಣಗಳ ಪ್ರಸಂಗಗಳು. ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಕುರಿತು ಬರೆದ ‘ಗೊಲ್ಗೊಥಾ’ ಖಂಡಕಾವ್ಯವನ್ನು ಒಮ್ಮೆ ಓದಿಕೊಂಡವರಿಗೆ ಶಿಲುಬೆಯ ಚಿತ್ರಗಳಲ್ಲಿ ಯಾರು ಯಾರು ನಿಂತಿದ್ದಾರೆಂಬುದು ಅರ್ಥವಾಗುತ್ತದೆ. ಬಿ. ಎಂ. ಶ್ರೀ. ಅವರ ‘ಅಶ್ವತ್ಥಾಮನ್’ ಗ್ರೀಕ್ ನಾಟಕಕಾರ ಸೊಫೊಕ್ಲೀಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತಕ್ಕೆ ಹೊಂದಿಸಿದ ಕೃತಿ. ದುರಂತ ನಾಯಕನು ತನ್ನದೇ ದೋಷದಿಂದ ಕೆಡುವುದು, ಮೇಳದವರು ಕತೆಯ ನಡುವೆ ಮಾತಾಡುವುದು, ಇವೆಲ್ಲ ಅದರಲ್ಲಿವೆ. ಎರಡೂ ನಮ್ಮ ಊರಿನ ಗ್ರಂಥಾಲಯಗಳಲ್ಲಿ ಹುಡುಕಿದರೆ ಸಿಗಬಹುದು.

ಕುಂಬಳೆಯ ವಿದ್ಯಾರ್ಥಿ:
ಮಾಷ್ಟ್ರೇ, ನೀವು ಹೇಳಿದಂತೆ ಒಂದು ಕಾರ್ಡು ಮಾಡಿದ್ದೇನೆ. ಮುಂಬದಿಯಲ್ಲಿ ಮೂರು ಕಂಬಗಳ ಚಿತ್ರ, ಹೆಸರಿಲ್ಲದೆ. ಹಿಂಬದಿಯಲ್ಲಿ: ‘ತಲೆ ಸಾದಾ ಇದ್ದು ಪೀಠವಿಲ್ಲದೆ ನೇರವಾಗಿ ನೆಲದಿಂದ ಎದ್ದದ್ದು ಡೋರಿಕ್, ಅಥೆನ್ಸಿನ ಪಾರ್ಥೆನಾನ್ ದೇಗುಲದ ಹೊರಸಾಲು ಇದೇ. ತಲೆಯಲ್ಲಿ ಸುರುಳಿಗಳಿದ್ದರೆ ಅಯೋನಿಕ್. ಎಲೆಗಳ ಕೆತ್ತನೆಯಿದ್ದರೆ ಕೊರಿಂಥಿಯನ್, ಇದು ರೋಮನರಿಗೆ ಅಚ್ಚುಮೆಚ್ಚು.’ ಇಂಥ ಕಾರ್ಡು ಮಾಡಲು ಹೆಚ್ಚು ಹೊತ್ತು ಹಿಡಿಯುತ್ತದೆ, ಆದರೆ ಮಾಡಿ ಮುಗಿಸುವಷ್ಟರಲ್ಲಿ ವಿಷಯ ಬಾಯಿಗೆ ಬಂದಿರುತ್ತದೆ. ಕೊನೆಯದಾಗಿ ಒಂದು ಪ್ರಶ್ನೆ: ಅಲ್ಲಿಗೆ ತಲುಪಿದ ಕೂಡಲೇ ಪರೀಕ್ಷೆ ಬರೆಯಲೇ, ಒಂದು ಸೆಮಿಸ್ಟರ್ ಕಾಯಲೇ?

ಬದಿಯಡ್ಕದ ನಿವೃತ್ತ ಇಂಗ್ಲಿಷ್ ಅಧ್ಯಾಪಕ:
ಕಾರ್ಡು ಚೆನ್ನಾಗಿದೆ. ಗ್ರೀಕರ ಡೋರಿಕ್ ಕಂಬಕ್ಕೆ ಪೀಠವಿಲ್ಲವೆಂಬುದು ಸರಿ. ಆದರೆ ರೋಮನರು ತಮ್ಮ ಡೋರಿಕ್‌ಗೆ ಪೀಠ ಕೊಡುವುದೂ ಉಂಟಾದ್ದರಿಂದ ‘ಗ್ರೀಕ್’ ಎಂಬ ಪದವನ್ನು ಸೇರಿಸಿಕೊಳ್ಳಿ.

ಮಂಜೇಶ್ವರದವಳು, ಈಗ ಅಮೆರಿಕದಲ್ಲಿ:
ಪಾಸಾಗದಿದ್ದರೆ ಅದೇ ಪರೀಕ್ಷೆಯನ್ನು ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕೆಂಬ ನಿಯಮವಿದೆ, ಶುಲ್ಕವನ್ನೂ ಮತ್ತೆ ಕಟ್ಟಬೇಕು. ಹಾಗಾಗಿ ತಲುಪಿದ ವಾರದಲ್ಲಿಯೇ, ನಿದ್ದೆಯ ಹೊತ್ತು ಇನ್ನೂ ಏರುಪೇರಾಗಿರುವಾಗ ಬರೆಯುವುದು ಬೇಡ. ಕಾಲೇಜ್ ಬೋರ್ಡಿನ ಅಧಿಕೃತ ಮಾರ್ಗದರ್ಶಿಯಲ್ಲಿರುವ ಪ್ರಶ್ನೆಗಳನ್ನು ಈಗ ಮುಟ್ಟದೆ ಕೊನೆಗೆ ಉಳಿಸಿಕೊಳ್ಳಿ. ಅಭ್ಯಾಸಕ್ಕೆ ಇತರ ಮಾದರಿ ಪರೀಕ್ಷೆಗಳು ಸಾಕು. ಮಾಡರ್ನ್ ಸ್ಟೇಟ್ಸ್ ಎಂಬ ಸಂಸ್ಥೆಯ ಉಚಿತ ಕೋರ್ಸಿನಲ್ಲಿಯೂ ಅಭ್ಯಾಸದ ಪ್ರಶ್ನೆಗಳಿವೆ. ಅಧಿಕೃತ ಪ್ರಶ್ನೆಗಳನ್ನು ಗಡಿಯಾರ ಇಟ್ಟುಕೊಂಡು, ಒಂದು ಪ್ರಶ್ನೆಗೆ ಸರಾಸರಿ ಮೂವತ್ತೆಂಟು ಸೆಕೆಂಡಿಗಿಂತ ಹೆಚ್ಚು ಕೊಡದೆ, ಒಂದನ್ನೂ ಖಾಲಿ ಬಿಡದೆ ಬರೆದಾಗ ಮೂರರಲ್ಲಿ ಎರಡಂಶವಾದರೂ ಸರಿಯಾದರೆ ಕೇಂದ್ರಕ್ಕೆ ಹೋಗಿ ದಿನ ಗೊತ್ತುಮಾಡಿಕೊಳ್ಳಿ. ಈ ಎರಡಂಶದ ಲೆಕ್ಕ ಯಾವ ನಿಯಮವೂ ಅಲ್ಲ, ನನ್ನ ಸ್ವಂತ ಎಚ್ಚರಿಕೆ. ನೋಂದಣಿಗೆ ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಹೆಸರು ಕೊಡಿ. ನಮ್ಮ ಕಡೆಯ ಇನಿಷಿಯಲ್‌ಗಳು ಒಂದು ಕಡೆ ಬಿಡಿಸಿ, ಇನ್ನೊಂದು ಕಡೆ ಮೊಟಕಾಗಿ ಇದ್ದರೆ ಪ್ರವೇಶದ ಹೊತ್ತಿಗೆ ತೊಡಕಾಗುತ್ತದೆ.